ಡ್ರೋನ್ ಬಂತು, ಚಾರ್ಜರ್ ಎಲ್ಲಿ?

ಹೋದ ಸಲ ಈ ಅಂಕಣದಲ್ಲಿ ಒಂದೇ ಸಾಲು ಬರೆದಿದ್ದೆ. ಸರ್ಕಾರಿ ಅನುದಾನದಲ್ಲಿ ಪೊಲೀಸರಿಗೆ ಡ್ರೋನ್ ಕೊಡಿಸುವುದು ಸುಲಭ, ಎರಡನೇ ವರ್ಷ ಅದನ್ನು ಹಾರಿಸುವುದು ಕಷ್ಟ ಅಂತ. ಅಷ್ಟಕ್ಕೇ ಬೀದರ್‌ನಿಂದ ಸುರಪುರದವರೆಗೆ ಪತ್ರ ಬಂದಿವೆ, ವಾಟ್ಸಾಪ್ ಮೆಸೇಜ್ ಬೇರೆ. ಕೆಲವರು ಬೈದಿದ್ದಾರೆ. ಅದಕ್ಕೇ ಈ ಸಲ ಪೂರ್ತಿ ಡ್ರೋನ್ ಮಾತು. ಪೊಲೀಸ್ ವಿಷಯ ನೋಡಿ, ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ನಮ್ಮೂರಿಗೆ ಕುಡಿಯೋ ನೀರಿನ ಬೋರ್ ಕೊರೆಸಿ ಅಂದರೆ ಅನುದಾನ ಇಲ್ಲ ಅಂತಾರೆ. ಪೊಲೀಸರಿಗೆ ಡ್ರೋನ್ ತರೋಕೆ ಮಾತ್ರ ದುಡ್ಡು ಎಲ್ಲಿಂದ ಬರ್ತದೆ ಸರ್?
*— ಒಬ್ಬ ರೈತರು, ಆಳಂದ ತಾಲ್ಲೂಕು*

ನಿಮ್ಮ ಸಿಟ್ಟು ಸರಿಯೇ. ಆದರೆ ಸರ್ಕಾರದ ದುಡ್ಡು ಒಂದೇ ಹಂಡೆಯಲ್ಲಿ ಇರುವುದಿಲ್ಲ. ನಮ್ಮ ಅವ್ವ ಒಂದಿಷ್ಟು ದುಡ್ಡು ತೊಗರಿಬೇಳೆ ಡಬ್ಬಿಯಲ್ಲಿ, ಒಂದಿಷ್ಟು ಟ್ರಂಕಿನೊಳಗೆ ಸೀರೆ ಮಡಿಕೆಯಲ್ಲಿ ಇಡುತ್ತಿದ್ದಳು. ಮದುವೆಗೆ ಅಂತ ಇಟ್ಟದ್ದನ್ನು ದವಾಖಾನೆಗೂ ಮುಟ್ಟುತ್ತಿರಲಿಲ್ಲ. ಸರ್ಕಾರದ ಲೆಕ್ಕಶೀರ್ಷಿಕೆ ಅಂದರೆ ಅದೇ, ಡಬ್ಬಿ ಬೇರೆ ಬೇರೆ.

ಪೊಲೀಸರಿಗೆ ದೊಡ್ಡ ಡಬ್ಬಿ ಅಂದರೆ ಕೇಂದ್ರ ಗೃಹ ಇಲಾಖೆಯ ಪೊಲೀಸ್ ಆಧುನೀಕರಣ ಯೋಜನೆ. 2021-22ರಿಂದ 2025-26ರವರೆಗಿನ ಐದು ವರ್ಷಕ್ಕೆ ಅಂತ 2022ರ ಫೆಬ್ರುವರಿಯಲ್ಲಿ ಒಟ್ಟು 26,275 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟರು. ಅದರಲ್ಲಿ ರಾಜ್ಯಗಳ ಪೊಲೀಸ್ ಪಡೆಯ ಆಧುನೀಕರಣಕ್ಕೆ ಇಟ್ಟದ್ದು 4,846 ಕೋಟಿ. ನಮ್ಮಂಥ ರಾಜ್ಯಕ್ಕೆ ಕೇಂದ್ರ 60 ಪೈಸೆ ಕೊಟ್ಟರೆ ರಾಜ್ಯ 40 ಪೈಸೆ ಹಾಕಬೇಕು. ಈ ದುಡ್ಡಿನಲ್ಲಿ ನಿಮ್ಮೂರಿಗೆ ಬೋರ್ ಕೊರೆಸಲು ಬರುವುದಿಲ್ಲ. ಡ್ರೋನ್ ಬೇಡ ಅಂದರೂ ಆ ದುಡ್ಡು ವೈರ್‌ಲೆಸ್‌ಗೋ ಜೀಪಿಗೋ ಹೋಗುತ್ತದೆಯೇ ಹೊರತು ನೀರಿಗೆ ಬರುವುದಿಲ್ಲ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನ ಮಾತು ಬೇರೆ. ಅಲ್ಲಿ ನಿಮ್ಮ ಪ್ರಶ್ನೆ ನೂರಕ್ಕೆ ನೂರು ಸರಿ. ಸಂವಿಧಾನದ 371(ಜೆ) ವಿಧಿ ಬಂದದ್ದೇ ನಮ್ಮ ಭಾಗ ಹಿಂದೆ ಬಿದ್ದಿದೆ ಅಂತ. ಏಳು ಜಿಲ್ಲೆಗೆ ಸೇರಿ 2023-24ರ ಬಜೆಟ್‌ನಲ್ಲಿ 5,000 ಕೋಟಿ ಘೋಷಿಸಿದರು. ಆ ಡಬ್ಬಿಯಿಂದಲೇ ಶಾಲೆ ಕೋಣೆ, ರಸ್ತೆ, ದವಾಖಾನೆ, ನೀರು ಎಲ್ಲಾ ಆಗಬೇಕು. ಅದಕ್ಕೆ ಕೈ ಹಾಕಿ ಡ್ರೋನ್ ತಂದರೆ, ಹೌದು, ಯಾವುದೋ ಕೋಣೆಯ ಛಾವಣಿ ಅಷ್ಟರ ಮಟ್ಟಿಗೆ ಕಡಿಮೆಯಾಯಿತು ಅಂತಲೇ ಲೆಕ್ಕ. ಸೇಡಂ, ವಾಡಿ ಕಡೆ ಸುಣ್ಣದಕಲ್ಲಿನ ಗಣಿಯಿಂದ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡಿಗೂ ಇದೇ ಮಾತು. ಅದರಲ್ಲಿ ಬಹುಪಾಲು ನೀರು, ಆರೋಗ್ಯ, ಶಿಕ್ಷಣದಂಥ ಕೆಲಸಕ್ಕೇ ಹೋಗಬೇಕು ಅಂತ ನಿಯಮವಿದೆ.

ಹಾಗಾಗಿ ಡ್ರೋನ್ ಯಾಕೆ ಅಂತ ಕೇಳುವ ಮೊದಲು ಯಾವ ಡಬ್ಬಿಯಿಂದ ಅಂತ ಕೇಳಿ.

ನಾನು ಗ್ರಾಮ ಪಂಚಾಯಿತಿ ಸದಸ್ಯ. ಠಾಣೆಯವರು "15ನೇ ಹಣಕಾಸಿನಲ್ಲಿ ನಮಗೊಂದು ಡ್ರೋನ್ ಕೊಡಿಸ್ರಿ, ನಿಮ್ಮೂರಿಗೇ ಉಪಯೋಗ" ಅಂತ ನಗ್ತಾ ನಗ್ತಾ ಕೇಳಿದರು. ಕೊಡಬಹುದಾ?
*— ಚಿತ್ತಾಪುರ ತಾಲ್ಲೂಕು*

ನೀವೂ ನಗ್ತಾ ನಗ್ತಾನೇ ಬರೋದಿಲ್ಲ ಅಂತ ಹೇಳಿಬಿಡಿ. 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಉಳಿದ ಶೇ 40 ನಿಮ್ಮ ಕೈಯಲ್ಲಿದೆ, ಆದರೆ ಅದೂ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳ ಒಳಗೇ ಖರ್ಚಾಗಬೇಕು. ಆ 29ರಲ್ಲಿ ಹಳ್ಳಿಯ ಕರೆಂಟು ಇದೆ, ಜಾನುವಾರು ಇದೆ, ಗ್ರಂಥಾಲಯ ಇದೆ, ಪೊಲೀಸ್ ಇಲ್ಲ. ಪೊಲೀಸ್ ರಾಜ್ಯದ ವಿಷಯ. ನೀವು ಬರೆದುಕೊಟ್ಟರೆ ಮುಂದೆ ಆಡಿಟ್ ಆಕ್ಷೇಪಣೆಗೆ ಉತ್ತರ ಕೊಡುವವರು ನೀವು ಮತ್ತು ಪಿಡಿಒ. ಠಾಣೆಯವರು ಆಗ ಬೇರೆ ಊರಿಗೆ ವರ್ಗವಾಗಿರುತ್ತಾರೆ.

ನಾನು ಪೊಲೀಸ್ ಕಾನ್‌ಸ್ಟೇಬಲ್. ಠಾಣೆಗೆ ಹೊಸ ಡ್ರೋನ್ ಬಂದಿದೆ. ಮೊಬೈಲ್ ಚೆನ್ನಾಗಿ ಬಳಸ್ತೀಯಲ್ಲ, ನೀನೇ ಹಾರಿಸು ಅಂದಿದ್ದಾರೆ. ಟ್ರೇನಿಂಗ್ ಆಗಿಲ್ಲ. ಬಿದ್ದರೆ ನನ್ನ ಸಂಬಳದಲ್ಲಿ ಕಟ್ ಮಾಡ್ತಾರಾ?
*— ಯಾದಗಿರಿ ಜಿಲ್ಲೆ*

ತಮ್ಮಾ, ಬಂದ ಅಷ್ಟೂ ಪತ್ರಗಳಲ್ಲಿ ನನಗೆ ಹಿಡಿಸಿದ್ದು ನಿನ್ನದೇ. ಅನುದಾನದ ಎಲ್ಲಾ ಕಥೆ ನಿನ್ನ ನಾಲ್ಕು ಸಾಲಿನಲ್ಲಿದೆ.

ಮೊದಲು ಸಂಬಳದ ಮಾತು. ನಿರ್ಲಕ್ಷ್ಯದಿಂದ ಸರ್ಕಾರಕ್ಕೆ ನಷ್ಟವಾಗಿದೆ ಅಂತ ಸಂಬಳದಿಂದ ವಸೂಲಿ ಮಾಡುವುದು ಶಿಸ್ತುಕ್ರಮದ ಒಂದು ಶಿಕ್ಷೆ. ಶಿಕ್ಷೆ ಅಂದಮೇಲೆ ನೋಟಿಸ್ ಕೊಡಬೇಕು, ನಿನ್ನ ಸಮಜಾಯಿಷಿ ಕೇಳಬೇಕು. ಮರುದಿನವೇ ಪಗಾರದಲ್ಲಿ ಹಿಡಿಯಲು ಬರುವುದಿಲ್ಲ. ಆ ನೋಟಿಸ್ ಬಂದ ದಿನ ನಿನ್ನ ಕೈಯಲ್ಲಿ ಒಂದು ಕಾಗದ ಇರಬೇಕು ಅಷ್ಟೇ. ಇವತ್ತೇ ಒಂದು ಅರ್ಜಿ ಬರೆ, "ನನಗೆ ಡ್ರೋನ್ ಹಾರಾಟದ ತರಬೇತಿ ಆಗಿಲ್ಲ, ತರಬೇತಿಗೆ ಕಳುಹಿಸಿಕೊಡಬೇಕು" ಅಂತ. ಟಪಾಲಿಗೆ ಹಾಕಿ ಸ್ವೀಕೃತಿ ತೆಗೆದುಕೋ. ಮುಖದ ಮೇಲೆ ಇಲ್ಲ ಅನ್ನಬೇಡ, ಕಾಗದದಲ್ಲಿ ಕೇಳು. ಮೂವತ್ತು ವರ್ಷ ಲೆಕ್ಕ ತಪಾಸಣೆ ಮಾಡಿದವನು ಹೇಳ್ತಿದ್ದೇನೆ, ಬಾಯಿಮಾತಿನ ಆದೇಶಕ್ಕೆ ಸಾಕ್ಷಿ ಹೇಳಲು ಯಾರೂ ಬರುವುದಿಲ್ಲ.

ಇನ್ನು ಕಾನೂನು. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳೇ ಈಗ ನಡೆಯುತ್ತಿರುವುದು. 250 ಗ್ರಾಂವರೆಗೆ ನ್ಯಾನೋ, 2 ಕೆ.ಜಿ.ವರೆಗೆ ಮೈಕ್ರೋ, 25 ಕೆ.ಜಿ.ವರೆಗೆ ಸ್ಮಾಲ್. ನಿನ್ನದು 2 ಕೆ.ಜಿ. ದಾಟಿದರೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕೇ ಬೇಕು. ಹತ್ತನೇ ಕ್ಲಾಸ್ ಪಾಸಾಗಿ, 18ರಿಂದ 65 ವಯಸ್ಸಿನೊಳಗಿದ್ದು, ಕೇಂದ್ರದ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಒಪ್ಪಿದ ಸಂಸ್ಥೆಯಲ್ಲಿ ಕಲಿತರೆ ಕೊಡುತ್ತಾರೆ, ಹತ್ತು ವರ್ಷ ನಡೆಯುತ್ತದೆ. ಡ್ರೋನಿಗೂ ಗಾಡಿ ನಂಬರ್ ಇದ್ದಂತೆ ಯುಐಎನ್ ಅಂತ ಒಂದು ಗುರುತಿನ ನಂಬರ್ ಇರಬೇಕು. ನ್ಯಾನೋ ಬಿಟ್ಟು ಉಳಿದವಕ್ಕೆ ಥರ್ಡ್ ಪಾರ್ಟಿ ಇನ್ಶೂರೆನ್ಸೂ ಬೇಕು. ಆ ಪಾಲಿಸಿ ಎಲ್ಲಿದೆ ಅಂತ ನಿಮ್ಮ ರೈಟರ್‌ನ ಕೇಳು.

ಈಗ ಇನ್ನೊಂದು ಮಾತು. ಕೆಲವು ವರ್ಷದ ಹಿಂದೆ ನಾನು ಒಂದು ಕಚೇರಿಗೆ ತಪಾಸಣೆಗೆ ಹೋಗಿದ್ದೆ. ಯಾವ ಕಚೇರಿ ಅಂತ ಕೇಳಬೇಡ, ಪೊಲೀಸರದ್ದಂತೂ ಅಲ್ಲ. ಸ್ಟಾಕ್ ರಿಜಿಸ್ಟರ್‌ನಲ್ಲಿ "ಡ್ರೋನ್ ಕ್ಯಾಮೆರಾ - 1, ಸುಸ್ಥಿತಿಯಲ್ಲಿದೆ" ಅಂತ ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ತೋರಿಸಿ ಅಂದೆ. ಅಲ್ಮಾರ ಕೀಲಿ ಹುಡುಕಲು ಅರ್ಧ ಗಂಟೆ. ತೆಗೆದರೆ ಡ್ರೋನ್ ಹೊಸ ಮದುಮಗಳ ಹಾಗೆ ಪ್ಲಾಸ್ಟಿಕ್ ಹೊದ್ದು ಕೂತಿದೆ, ರೆಕ್ಕೆಗೆ ಅಂಟಿಸಿದ ಟೇಪು ಕೂಡ ಬಿಚ್ಚಿಲ್ಲ. ಪಕ್ಕದಲ್ಲಿ ಎರಡು ಬ್ಯಾಟರಿ, ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಉಬ್ಬಿದ್ದವು. ಫುಲ್ ಚಾರ್ಜ್ ಮಾಡಿ, ಫ್ಯಾನ್ ಕೂಡ ಇಲ್ಲದ ಕೋಣೆಯಲ್ಲಿ, ನಮ್ಮ ಕಲಬುರಗಿಯ ಎರಡು ಬೇಸಿಗೆ ಮುಚ್ಚಿಟ್ಟಿದ್ದರು. ಇನ್ವಾಯ್ಸ್ ತಾರೀಖು ಮಾರ್ಚ್ ಕೊನೆಯ ವಾರದ್ದು. ಬಳಕೆ ಪ್ರಮಾಣಪತ್ರ ಏಪ್ರಿಲ್‌ನಲ್ಲೇ ಮೇಲಕ್ಕೆ ಹೋಗಿತ್ತು. ದುಡ್ಡು ಬಳಕೆಯಾಗಿದೆ, ಸುಳ್ಳಲ್ಲ. ಡ್ರೋನ್ ಬಳಕೆಯಾಗಿಲ್ಲ, ಆದರೆ ಅದನ್ನು ಕೇಳುವ ಕಾಲಂ ಆ ಫಾರ್ಮಿನಲ್ಲಿ ಇಲ್ಲವೇ ಇಲ್ಲ.

ಅದಕ್ಕೇ ನಿನಗೆ ಹೇಳುವುದು. ಈ ಬ್ಯಾಟರಿಯನ್ನು ಬಳಸದೆ ಇಡುವುದಾದರೆ ಅರ್ಧದಷ್ಟು ಚಾರ್ಜ್ ಇಟ್ಟು, ತಂಪಾದ ಜಾಗದಲ್ಲಿ ಇಡು. ಹಾರಿಸಿ ಇಳಿಸಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡ. ಹೆಚ್ಚಿನ ಕ್ಯಾಮೆರಾ ಡ್ರೋನ್‌ಗಳು 40 ಡಿಗ್ರಿವರೆಗೆ ಮಾತ್ರ ಅಂತ ಅದರ ಪುಸ್ತಕದಲ್ಲೇ ಬರೆದಿರುತ್ತದೆ, ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 42, 43 ಅಂದರೆ ಮಾಮೂಲು, ಹಾಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆ ಇಲ್ಲ ಸಂಜೆ. ಡಬ್ಬದ ಮೇಲೆ ಅರ್ಧ ಗಂಟೆ ಹಾರುತ್ತದೆ ಅಂತ ಇದ್ದರೆ ಇಪ್ಪತ್ತು ನಿಮಿಷ ಅಂತ ಹಿಡಿ. ಏರಿಸುವ ಮೊದಲು ಜಿಪಿಎಸ್ ಸಿಕ್ಕು ಹೋಮ್ ಪಾಯಿಂಟ್, ಅಂದರೆ ಅದು ವಾಪಸ್ ಬಂದು ಇಳಿಯಬೇಕಾದ ಜಾಗ, ದಾಖಲಾಯಿತಾ ನೋಡು. ಸಿಗ್ನಲ್ ಹೋದರೆ ತಾನೇ ವಾಪಸ್ ಬರುವ ಎತ್ತರವನ್ನು ಊರಿನ ಟವರ್‌ಗಿಂತ ಮೇಲೆ ಇಡು, ಇಲ್ಲದಿದ್ದರೆ ವಾಪಸ್ ಬರುತ್ತಾ ನೆಟ್ಟಗೆ ಟವರ್‌ಗೇ ಗುದ್ದುತ್ತದೆ. ಹದ್ದಿನ ಮೇಲೆ ಒಂದು ಕಣ್ಣಿರಲಿ, ಹದ್ದು ಡ್ರೋನಿನ ಮೇಲೆ ಎರಗುವುದು ತಮಾಷೆ ಮಾತಲ್ಲ. ಸಂಕ್ರಾಂತಿ ಹೊತ್ತಿಗೆ ಗಾಳಿಪಟದ ಮಾಂಜಾ ಬೇರೆ.

ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ತಾರೀಖು, ಹೊತ್ತು, ಜಾಗ, ಯಾರು ಹೇಳಿದರು, ಯಾವ ಬ್ಯಾಟರಿ, ಎಷ್ಟು ನಿಮಿಷ ಅಂತ ಪ್ರತಿ ಹಾರಾಟವನ್ನೂ ಬರೆದಿಡು. ನಾಳೆ ಬಿದ್ದರೆ ಆ ಪುಸ್ತಕವೇ ನಿನ್ನ ವಕೀಲ.

ಮದುವೆ ಶೂಟಿಂಗ್‌ಗೆ ಡ್ರೋನ್ ಹಾರಿಸಿದರೆ ಪೊಲೀಸರು ಹಿಡೀತಾರೆ. ಅವರು ಎಲ್ಲೆಂದರಲ್ಲಿ ಹಾರಿಸಬಹುದಾ? ಇದ್ಯಾವ ನ್ಯಾಯ?
*— ಫೋಟೋಗ್ರಾಫರ್, ಬೀದರ್*

ನೀವಿರುವ ಊರು ಯಾವುದು ನೋಡಿ! ಸೂರ್ಯಕಿರಣ ತಂಡದ ಕೆಂಪು-ಬಿಳಿ ವಿಮಾನಗಳು ಮನೆ ಮೇಲೇ ಹೋಗುತ್ತಿರುತ್ತವೆ. ವಾಯುಪಡೆಯ ಪೈಲಟ್‌ಗಳು ಹಾಕ್ ವಿಮಾನದಲ್ಲಿ ಕಲಿಯುವ ನೆಲೆ ಅದು. 2020ರಲ್ಲಿ ನಾಗರಿಕ ವಿಮಾನವೂ ಅಲ್ಲೇ ಇಳಿಯಲು ಶುರುವಾಯಿತು. ಅಂಥಲ್ಲಿ ನಿಮ್ಮ ಡ್ರೋನ್ ವಧು-ವರರ ಮೇಲೆ ಹೂವು ಚೆಲ್ಲಲು ಏರಿದರೂ ಆಟ ಅಲ್ಲ.

ಡ್ರೋನ್ ಎಲ್ಲಿ ಹಾರಿಸಬಹುದು ಅಂತ ಬಣ್ಣ ಹಚ್ಚಿ ತೋರಿಸುವ ಸರ್ಕಾರಿ ನಕ್ಷೆ ಇದೆ, ಡಿಜಿಟಲ್ ಸ್ಕೈ ಅಂತ. ಪೊಲೀಸರಿಗೂ ಅದೇ ನಕ್ಷೆ. 2021ರ ನಿಯಮ ಭೂಸೇನೆ, ನೌಕಾಪಡೆ, ವಾಯುಪಡೆಗೆ ಅನ್ವಯಿಸುವುದಿಲ್ಲ ಅಂತ ಇದೆ. ಆ ಪಟ್ಟಿಯಲ್ಲಿ ಜಿಲ್ಲಾ ಪೊಲೀಸ್ ಇಲ್ಲ. ನಕ್ಷೆಯಲ್ಲಿ ಹಸಿರು ಇದ್ದರೆ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಹಳದಿ ಇಲ್ಲವೇ ಕೆಂಪು, ನೆಲದಿಂದಲೇ ಅನುಮತಿ ಬೇಕು. 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ ಮಾತ್ರ ಬಿಡುವು. ಕೆಂಪು ಅಂದರೆ ಕೇಂದ್ರ ಸರ್ಕಾರವೇ ಒಪ್ಪಬೇಕು. ನಮ್ಮ ಕಲಬುರಗಿಯಲ್ಲೂ ಸೇಡಂ ರಸ್ತೆಯಲ್ಲಿ 2019ರಿಂದ ವಿಮಾನ ನಿಲ್ದಾಣ ಇದೆ, ಆ ಕಡೆಯ ಹಳ್ಳಿಗಳಿಗೂ ಇದೇ ಲೆಕ್ಕ.

ಇಲ್ಲಿ ಅನುದಾನದ ಪ್ರಶ್ನೆ ಬರುತ್ತದೆ ನೋಡಿ. ಬೀದರ್ ನಗರಕ್ಕೆ ಅಂತ ಡ್ರೋನ್ ಮಂಜೂರು ಮಾಡುವವರು ಮೊದಲು ಆ ನಕ್ಷೆ ತೆಗೆದು ನೋಡಬೇಕು. ಪ್ರತಿ ಸಲ ಅನುಮತಿ ಕೇಳಬೇಕಾದ ಜಾಗಕ್ಕೆ ತುರ್ತು ಕೆಲಸದ ಡ್ರೋನ್ ಅಂತ ಅಂದಾಜು ಪಟ್ಟಿ ಬರೆದರೆ, ಬಾವಿ ಇಲ್ಲದ ಹೊಲಕ್ಕೆ ಮೋಟರ್ ಕೊಟ್ಟ ಹಾಗೆ. ಅದೇ ಡ್ರೋನ್ ಔರಾದ್ ಕಡೆಗೋ ಭಾಲ್ಕಿ ಕಡೆಗೋ ಹೆಚ್ಚು ಕೆಲಸಕ್ಕೆ ಬಂದೀತು.

ಬೇಸಿಗೆಯಲ್ಲಿ ನಾವು ಹೆಣ್ಮಕ್ಕಳು ಮಾಳಿಗೆ ಮೇಲೆ ಮಲಗ್ತೀವಿ. ಹೋದ ವರ್ಷ ರಾತ್ರಿ ಮೇಲೆ ಡ್ರೋನ್ ಬಂದು ನಿಂತಿತ್ತು. ಪೊಲೀಸರದ್ದು ಅಂತ ಅಣ್ಣ ಹೇಳಿದ. ಅದನ್ನ ಯಾರು ನೋಡ್ತಾರೆ, ಎಷ್ಟು ದಿನ ಇಟ್ಕೋತಾರೆ? ಕೇಳೋಕೆ ಭಯ ಆಗ್ತದೆ.
*— ಪದವಿ ವಿದ್ಯಾರ್ಥಿನಿ, ಸುರಪುರ*

ತಂಗಿ, ಭಯ ಪಡಬೇಡ, ಇದು ಕೇಳಲೇಬೇಕಾದ ಪ್ರಶ್ನೆ. ಕೊಳ್ಳುವ ಕಾಗದ ಸಹಿ ಮಾಡುವವರಿಗೆ ಮಾಳಿಗೆ ನೆನಪೇ ಆಗಿರುವುದಿಲ್ಲ. ಬಹುಶಃ ಅವರ ಮನೆಯಲ್ಲಿ ಎಸಿ ಇರಬೇಕು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಆ ಹಕ್ಕಿನೊಳಗೆ ಕಾಲಿಡಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ಸರಿಯಾದ ಕಾರಣ ಇರಬೇಕು, ಕಾರಣಕ್ಕೆ ತಕ್ಕಷ್ಟೇ ಇರಬೇಕು. ಒಬ್ಬ ಕಳ್ಳನನ್ನು ಹುಡುಕಲು ಇಡೀ ಓಣಿಯ ಮಾಳಿಗೆಗಳನ್ನು ನೋಡುವುದು ಆ "ತಕ್ಕಷ್ಟೇ" ಒಳಗೆ ಬರುತ್ತದಾ? ನನಗಂತೂ ಬರುವುದಿಲ್ಲ ಅನಿಸುತ್ತದೆ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಪೊಲೀಸ್ ತನಿಖೆಯಂಥ ಕೆಲಸಕ್ಕೆ ಸಾಕಷ್ಟು ವಿನಾಯಿತಿ ಕೊಟ್ಟಿದೆ, ಹಾಗಾಗಿ ಅದೊಂದನ್ನೇ ನಂಬಿಕೊಂಡು ಕೂರುವ ಹಾಗಿಲ್ಲ.

ಅಮೆರಿಕದ ಒಂದು ಕಥೆ ಹೇಳ್ತೇನೆ. ಸಿಯಾಟಲ್ ಅಂತ ಊರು. ಅಲ್ಲಿಯ ಪೊಲೀಸರು ಕೇಂದ್ರದ ಭದ್ರತಾ ಇಲಾಖೆಯ ಅನುದಾನದಲ್ಲಿ ಎರಡು ಡ್ರೋನ್ ಕೊಂಡರು, ಸುಮಾರು 80 ಸಾವಿರ ಡಾಲರ್. ಊರಿನ ದುಡ್ಡಲ್ಲ ನೋಡಿ, ಮೇಲಿಂದ ಬಂದದ್ದು, ಹಾಗಾಗಿ ಊರಲ್ಲಿ ಚರ್ಚೆಯೇ ಆಗಿರಲಿಲ್ಲ. ವಿಷಯ ಹೊರಗೆ ಬಂದ ಮೇಲೆ ಜನ ಸಭೆಗಳಲ್ಲಿ ಎದ್ದು ನಿಂತು ಕೂಗಿದರು. 2013ರ ಫೆಬ್ರುವರಿಯಲ್ಲಿ ಮೇಯರ್ ಇಡೀ ಕಾರ್ಯಕ್ರಮವನ್ನೇ ನಿಲ್ಲಿಸಿದರು. ಮರುವರ್ಷ ಆ ಎರಡೂ ಡ್ರೋನ್ ಲಾಸ್ ಏಂಜಲೀಸ್ ಪೊಲೀಸರ ಕೈ ಸೇರಿದವು. ಪೊಲೀಸರು ಕೆಟ್ಟದ್ದು ಮಾಡಿದರು ಅಂತ ಅಲ್ಲ, ಮೊದಲೇ ಜನರನ್ನು ಕೂರಿಸಿ ಎಲ್ಲಿ ಹಾರಿಸುತ್ತೇವೆ, ಎಲ್ಲಿ ಹಾರಿಸುವುದಿಲ್ಲ ಅಂತ ಹೇಳಿದ್ದರೆ ಕಥೆ ಬೇರೆ ಆಗುತ್ತಿತ್ತು.

ನೀನು ಮಾಡಬಹುದಾದದ್ದು ಇಷ್ಟು. ಕಾಲೇಜಿನ ಗೆಳತಿಯರು ನಾಲ್ಕೈದು ಜನ ಸೇರಿ ಎಸ್‌ಪಿ ಕಚೇರಿಗೆ ಒಂದು ಪತ್ರ ಬರೆಯಿರಿ. ರಾತ್ರಿ ವಸತಿ ಓಣಿಗಳ ಮೇಲೆ ಡ್ರೋನ್ ಹಾರಿಸಲು ಯಾರ ಒಪ್ಪಿಗೆ ಬೇಕು, ವಿಡಿಯೊ ಯಾವ ಕಂಪ್ಯೂಟರ್‌ನಲ್ಲಿ ಇರುತ್ತದೆ, ಎಷ್ಟು ದಿನಕ್ಕೆ ಅಳಿಸುತ್ತಾರೆ ಅಂತ ಮೂರೇ ಪ್ರಶ್ನೆ. ಒಬ್ಬಳೇ ಬರೆಯಬೇಡ. ಅದು ಪೊಲೀಸರದ್ದೇ ಅಲ್ಲದಿರಲೂಬಹುದು. ಮತ್ತೆ ಬಂದು ನಿಂತರೆ 112ಕ್ಕೆ ಫೋನ್ ಮಾಡು, ಯಾರದ್ದು ಅಂತ ಆಗಲೇ ಗೊತ್ತಾಗುತ್ತದೆ.

ಆನ್‌ಲೈನ್‌ನಲ್ಲಿ ಲಕ್ಷದೊಳಗೆ ಭಾರೀ ಡ್ರೋನ್ ಸಿಗ್ತವೆ. ಸರ್ಕಾರದವರು ಮಾತ್ರ ಲಕ್ಷಗಟ್ಟಲೆ ಕೊಟ್ಟು ತರ್ತಾರೆ. ಮಧ್ಯೆ ತಿಂದವರು ಯಾರು?
*— ಹುಮನಾಬಾದ್*

ತಿಂದಿರಬಹುದು, ತಿಂದಿರಲಿಕ್ಕಿಲ್ಲ. ರೇಟು ಒಂದನ್ನೇ ನೋಡಿ ಹೇಳಲು ಆಗುವುದಿಲ್ಲ. ನೀವು ಹೇಳುವ ಅಗ್ಗದ ಡ್ರೋನ್ ಹೆಚ್ಚಾಗಿ ವಿದೇಶದ್ದು. 2022ರ ಫೆಬ್ರುವರಿ 9ರಿಂದ ಪೂರ್ತಿ ತಯಾರಾದ ಡ್ರೋನನ್ನು ಹೊರದೇಶದಿಂದ ತರಿಸುವುದಕ್ಕೆ ನಿಷೇಧವಿದೆ, ಬಿಡಿಭಾಗ ತರಿಸಬಹುದು. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ಅನುಮತಿ ಪಡೆದು ತರಬಹುದು. ಇಲ್ಲೇ ತಯಾರಾಗಿ ಟೈಪ್ ಸರ್ಟಿಫಿಕೇಟ್, ಅಂದರೆ ಆ ಮಾದರಿ ಸರಿಯಿದೆ ಅನ್ನುವ ಒಪ್ಪಿಗೆ, ಪಡೆದದ್ದಕ್ಕೆ ಬೆಲೆ ಜಾಸ್ತಿಯೇ. ರಾತ್ರಿ ಮೈಯ ಬಿಸಿ ಗುರುತಿಸುವ ಥರ್ಮಲ್ ಕ್ಯಾಮೆರಾ ಸೇರಿದರೆ ಇನ್ನೂ ಏರುತ್ತದೆ. 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ, ಆಮೇಲೂ ಹಳೇ ತೆರಿಗೆ ಹಾಕಿದ ಕೊಟೇಷನ್ ಕಂಡರೆ ಪ್ರಶ್ನೆ ಮಾಡಿ.

ನಾನಾಗಿದ್ದರೆ ರೇಟಿಗಿಂತ ಮೊದಲು ಸ್ಪೆಸಿಫಿಕೇಷನ್ ಹಾಳೆ ನೋಡುತ್ತಿದ್ದೆ. "ತೂಕ 1,372 ಗ್ರಾಂ ಇರಬೇಕು" ಅನ್ನೋ ಥರ ಒಂದೇ ಕಂಪನಿಯ ಮೈಗೆ ಅಳತೆ ತೆಗೆದು ಹೊಲಿದ ಅಂಗಿ ಹಾಗಿದ್ದರೆ ಅಲ್ಲೇ ವಾಸನೆ. ಟೆಂಡರ್ ಇಲ್ಲದೆ ದೊಡ್ಡ ಮೊತ್ತಕ್ಕೆ ಕೊಂಡಿದ್ದರೆ ರಾಜ್ಯದ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಆದೇಶ ಎಲ್ಲಿದೆ ಅಂತ ಕೇಳಿ.

ಆಮೇಲೆ ಇನ್ನೊಂದು ಹಾಳೆ ಪಕ್ಕದಲ್ಲಿಟ್ಟು ನೋಡಿ ಅಂತ ಎಲ್ಲರಿಗೂ ಹೇಳುತ್ತಿರುತ್ತೇನೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ಕೊಡುವ ನಮೋ ಡ್ರೋನ್ ದೀದಿ ಯೋಜನೆ ಇದೆಯಲ್ಲ, 15 ಸಾವಿರ ಸಂಘಗಳಿಗೆ ಅಂತ ಮಾಡಿದ್ದು, ಬೆಲೆಯ ಶೇ 80, ಹೆಚ್ಚೆಂದರೆ 8 ಲಕ್ಷ ಸಹಾಯಧನ. ಅದರ ಮಾರ್ಗಸೂಚಿ ಓದಿ. ಡ್ರೋನ್ ಜೊತೆಗೆ ನಾಲ್ಕು ಸೆಟ್ ಹೆಚ್ಚುವರಿ ಬ್ಯಾಟರಿ, ಇನ್ನೊಂದು ಸೆಟ್ ರೆಕ್ಕೆ, ಫಾಸ್ಟ್ ಚಾರ್ಜರ್, ಹಾರಿಸುವವಳಿಗೆ 15 ದಿನ ತರಬೇತಿ, ಒಂದು ವರ್ಷದ ವಿಮೆ, ಎರಡು ವರ್ಷದ ವಾರ್ಷಿಕ ನಿರ್ವಹಣೆ ಒಪ್ಪಂದ (ಎಎಂಸಿ) ಎಲ್ಲಾ ಆ ಪ್ಯಾಕೇಜಿನೊಳಗೇ. ಯಾರೋ ಪುಣ್ಯಾತ್ಮರು ಕೂತು ಯೋಚನೆ ಮಾಡಿದ್ದಾರೆ, ಡ್ರೋನ್ ಅಂದರೆ ಬರೀ ಡ್ರೋನ್ ಅಲ್ಲ ಅಂತ. ನಿಮ್ಮ ಠಾಣೆಯ ಅಂದಾಜು ಪಟ್ಟಿಯಲ್ಲಿ ಇವುಗಳಲ್ಲಿ ಎಷ್ಟು ಇವೆ, ಒಂದೊಂದಾಗಿ ಟಿಕ್ ಹಾಕಿ. ಬೆಲೆ ಜಾಸ್ತಿ ಇದ್ದು ಇವೆಲ್ಲಾ ಇದ್ದರೆ ಅದು ಅಗ್ಗವೇ. ಬರೀ "ಡ್ರೋನ್ - 1" ಅಂತಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ದುಬಾರಿ.

ನೀವು ಡ್ರೋನ್ ವಿರೋಧಿ ಅಂತ ಕಾಣ್ತದೆ.
*— ಅಫಜಲಪುರ*

ಅಲ್ಲವೇ ಅಲ್ಲ. ಅಫಜಲಪುರದವರಿಗೆ ನಾನೇನು ಹೇಳಲಿ, 2020ರ ಅಕ್ಟೋಬರ್‌ನಲ್ಲಿ ಭೀಮೆ ಹೇಗೆ ಬಂದಳು ಅಂತ ನೀವೇ ನೋಡಿದ್ದೀರಿ. ಮಹಾರಾಷ್ಟ್ರದಲ್ಲಿ ಉಜನಿಯಿಂದ ನೀರು ಬಿಟ್ಟರೆ ಸೊನ್ನ ಬ್ಯಾರೇಜ್ ತುಂಬಿ ಹಳ್ಳಗಳೆಲ್ಲಾ ಹಿಂದಕ್ಕೆ ಉಕ್ಕುತ್ತವೆ. ಹೊಲದ ಮನೆಯಲ್ಲಿ ಯಾರು ಉಳಿದಿದ್ದಾರೆ, ಯಾವ ಮರದ ಮೇಲಿದ್ದಾರೆ, ರಸ್ತೆ ಎಲ್ಲಿ ಕಡಿದುಹೋಗಿದೆ ಅಂತ ಬೋಟ್ ಬಿಡುವ ಮೊದಲೇ ಗೊತ್ತಾಗಬೇಕಾದರೆ ಡ್ರೋನ್‌ಗಿಂತ ಒಳ್ಳೇದು ಯಾವುದೂ ಇಲ್ಲ. ಅದಕ್ಕೊಂದು ಸ್ಪೀಕರ್ ಕಟ್ಟಿದರೆ "ಅಲ್ಲೇ ಇರ್ರಿ, ಬರಾಕತ್ತೀವಿ" ಅಂತ ಕೂಗಿ ಹೇಳಬಹುದು. ಮರದ ಮೇಲೆ ಕೂತವನಿಗೆ ಆ ಒಂದು ಮಾತು ಎಷ್ಟು ದೊಡ್ಡದು!

ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆ, ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು, ಬಂದೇನವಾಜರ ಉರುಸು, ಇಲ್ಲೆಲ್ಲಾ ಜನ ಎಲ್ಲಿ ಒತ್ತಾಗುತ್ತಿದ್ದಾರೆ ಅಂತ ಮೇಲಿಂದ ಕಂಡರೆ ನೂಕುನುಗ್ಗಲು ಆಗುವ ಮೊದಲೇ ದಾರಿ ಬಿಡಿಸಬಹುದು. ತೊಗರಿ ಹೊಲದ ನಡುವೆ ಗಾಂಜಾ ಬೆಳೆದರೆ ಬದುವಿನ ಮೇಲೆ ನಿಂತವನಿಗೆ ಕಾಣುವುದಿಲ್ಲ, ಮೇಲಿಂದ ಹಸಿರಿನ ಬಣ್ಣವೇ ಬೇರೆ. ಮರಳಿನ ಲಾರಿಯೂ ಸಿಕ್ಕೀತು. ಸಿಕ್ಕಮೇಲೆ ಆ ವಿಡಿಯೊ ಕೋರ್ಟಿನಲ್ಲಿ ನಿಲ್ಲಬೇಕಲ್ಲ, ಅದಕ್ಕೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಹ್ಯಾಶ್ ಮೌಲ್ಯ, ಅಂದರೆ ವಿಡಿಯೊ ತಿದ್ದಿಲ್ಲ ಅಂತ ತಾಳೆ ನೋಡುವ ಡಿಜಿಟಲ್ ಗುರುತು, ಬರೆದ ಪ್ರಮಾಣಪತ್ರ ಬೇಕು. ವಿಡಿಯೊವನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಅಲ್ಲಿಂದ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿದರೆ ಡಿಫೆನ್ಸ್ ವಕೀಲರಿಗೆ ಹಬ್ಬ. ಇದನ್ನು ಕಲಿಸುವ ಖರ್ಚೂ ಯಾವ ಅಂದಾಜು ಪಟ್ಟಿಯಲ್ಲೂ ನನಗೆ ಕಂಡಿಲ್ಲ.

ನಮ್ಮ ಜಿಲ್ಲೆಗೆ ಬಂದ ಡ್ರೋನ್ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದಾ? ಹೇಗೆ ಬರೀಬೇಕು?
*— ಚಿಂಚೋಳಿ*

ಕೇಳಬಹುದು. ಹತ್ತು ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹೆಚ್ಚಿನ ಅರ್ಜಿ ಬಿದ್ದುಹೋಗುವುದು ಇಲ್ಲಿಯೇ, ಜನ ಸಿಟ್ಟನ್ನೆಲ್ಲಾ ಅದರಲ್ಲೇ ಬರೆದಿರುತ್ತಾರೆ. 30 ದಿನದಲ್ಲಿ ಉತ್ತರ ಕೊಡಬೇಕು.

ಯಾವ ಕೇಸಿಗೆ ಹಾರಿಸಿದಿರಿ ಅಂತ ಕೇಳಬೇಡಿ, ತನಿಖೆಗೆ ಅಡ್ಡಿಯಾಗುತ್ತದೆ ಅಂತ 8(1)(ಎಚ್) ತೋರಿಸಿ ವಾಪಸ್ ಕಳಿಸುತ್ತಾರೆ. ಖರೀದಿ ಕಡತ ಕೇಳಿ. ಮಂಜೂರಾತಿ ಆದೇಶ, ಯಾವ ಲೆಕ್ಕಶೀರ್ಷಿಕೆ, ಇನ್ವಾಯ್ಸ್, ಬಳಕೆ ಪ್ರಮಾಣಪತ್ರ, ಎಎಂಸಿ ಒಪ್ಪಂದ ಇವುಗಳ ಪ್ರತಿ ಕೇಳಿ. ಜೊತೆಗೆ ಬ್ಯಾಟರಿ ಎಷ್ಟು, ಸರ್ಟಿಫಿಕೇಟ್ ಇರುವ ಸಿಬ್ಬಂದಿ ಎಷ್ಟು, ಕಳೆದ ಹನ್ನೆರಡು ತಿಂಗಳಲ್ಲಿ ಒಟ್ಟು ಎಷ್ಟು ಗಂಟೆ ಹಾರಿದೆ ಅಂತ ಅಂಕಿ ಮಾತ್ರ ಕೇಳಿ, ವಿವರ ಬೇಡ. ಆ ಕೊನೆಯ ಅಂಕಿಗೆ ಉತ್ತರ ಬರಲು ತಡವಾದರೆ, ಅಲ್ಮಾರದ ಕೀಲಿ ಹುಡುಕುತ್ತಿದ್ದಾರೆ ಅಂತ ತಿಳಿದುಕೊಳ್ಳಿ.

ಡ್ರೋನ್ ಸಪ್ಪಳಕ್ಕೆ ನಮ್ಮ ಎಮ್ಮೆ ಎರಡು ದಿನದಿಂದ ಸರಿಯಾಗಿ ಹಾಲು ಕೊಡವಲ್ದು. ಪೊಲೀಸರ ಮೇಲೆ ಕಂಪ್ಲೇಂಟ್ ಕೊಡಬೇಕಂತೀನಿ.
*— ಶಹಾಪುರ ತಾಲ್ಲೂಕು*

ಕಾಕಾ, ಮೊದಲು ಪಕ್ಕದ ಹೊಲದವರನ್ನು ವಿಚಾರಿಸಿ. ಹತ್ತಿಗೆ ಔಷಧಿ ಹೊಡೆಯುವ ಡ್ರೋನ್ ಇರಬೇಕು, ಅದು ದೊಡ್ಡದು, ಸಪ್ಪಳವೂ ಜಾಸ್ತಿ. ಹಾಗಿದ್ದರೆ ಕಂಪ್ಲೇಂಟ್ ಬೇಡ, ಹಾಲು ಕರೆಯುವ ಹೊತ್ತು ಬಿಟ್ಟು ಹೊಡೀರಿ ಅಂತ ಹೇಳಿ ಬನ್ನಿ. ಮತ್ತೆ ಹೋದಾಗ ಅದರ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ಕೇಳಿ ನನಗೊಂದು ಪತ್ರ ಹಾಕಿ.